ಎಸ್ ವಾರ್ಡಿನ ಕಟ್ಟಡಗಳನ್ನು ತುಂಬುವಾಗ

ಮೊದಲ ಸಲ ತುಂಬಿದಾಗ
ಭಾಂಡುಪಿನ ಗುಡ್ಡ ಇಡಿಯಾಗಿ
ನಾರ್ವೆಯ ಆಚೆಯ ತಣ್ಣನೆ ಕಡಲಿಗೆ ಹೋಗಿ ಬಿತ್ತು.
ಅಕ್ಷಾಂಶದ ಜಾಗದಲ್ಲಿ ರೇಖಾಂಶ ಬರೆದಿದ್ದೆ, ಅಷ್ಟೆ.
ನಲವತ್ತೊಂದು ಸಾವಿರ ಮನೆ,
ಹಿಟ್ಟಿನ ಗಿರಣಿ, ಪಾಯಖಾನೆ, ಒಂದು ದರ್ಗಾ,
ತಗಡಿನ ಮೇಲೆ ಟೈರು ಹೇರಿಕೊಂಡೇ
ತೇಲುತ್ತಿದ್ದವು.
ಪಕ್ಕದ ಕುರ್ಚಿಯ ಉಜ್ವಲಾ ಪೆಡ್ಣೇಕರ್ ಬಗ್ಗಿ ನೋಡಿ ನಕ್ಕಳು:
"ಇರಲಿ ಬಿಡೇ, ಮೇ ತಿಂಗಳು.
ಒಂದು ವಾರ ಅಲ್ಲೇ ಇದ್ದು ಬರಲಿ."

ಅಳಿಸಿದೆ. ಮತ್ತೆ ತುಂಬಿದೆ.
ಈ ಸಲ ಗುಡ್ಡ ಗುಡ್ಡದ ಮೇಲೇ ಕೂತಿತು,
ಆದರೆ ಮುನ್ನೂರ ಹನ್ನೆರಡು ಮನೆ
ಹೊಸ್ತಿಲಲ್ಲೇ ನಿಂತವು.
ಗೆರೆ ಮುಚ್ಚಿಲ್ಲ, ಎಂದಿತು ಯಂತ್ರ.
ಹೊರಟ ಚುಕ್ಕಿಗೇ ಮರಳಿ ಮುಟ್ಟದ ಗೆರೆ
ಅದರ ಲೆಕ್ಕದಲ್ಲಿ ಮನೆಯಲ್ಲ.

ಇದನ್ನು ಅಪ್ಪ ಎಂದೋ ಹೇಳಿದ್ದ.
ಸಿಂದಗಿಯಿಂದ ಬಂದ ಗೌಂಡಿ,
ಪೊವಾಯಿಯ ಕೆಸರಿನಲ್ಲಿ ಗೂಟ ಬಡಿದು
ಸುಣ್ಣ ಹಚ್ಚಿದ ದಾರ ಎಳೆದು
ಮೂರು, ನಾಲ್ಕು, ಐದು ಮೊಳ ಅಳೆದು ಮೂಲೆ ಹಿಡಿದು
ನಾಲ್ಕನೆಯ ಗೂಟ ಬಳಸಿ
ಮೊದಲನೆಯದಕ್ಕೆ ಗಂಟು ಬಿಗಿದ ಮೇಲೇ
ಬೀಡಿ ಹಚ್ಚುತ್ತಿದ್ದದ್ದು.
"ದಾರ ಹೊಳ್ಳಿ ಮನಿಗೆ ಬರಬೇಕವಾ,
ಅಲ್ಲೀತನಕ ಕೂಡಬಾರ್ದು."
ಅವನ ಇಪ್ಪತ್ತೆರಡು ಮಹಡಿ
ನನ್ನ ಕೋಷ್ಟಕದಲ್ಲಿ ಈಗ ಒಂದು ಸಾಲು,
ಐದು ಚುಕ್ಕಿ, ಕೊನೆಯದು ಮೊದಲಿನದೇ.
ಕಟ್ಟಿದವರ ಹೆಸರಿಗೆ ಕಾಲಂ ಇಲ್ಲ.
ಇದ್ದರೂ ಏನೆಂದು ತುಂಬಲಿ,
ಅವನ ಗ್ಯಾಂಗಿನಲ್ಲೇ ಅರವತ್ತು ಜನ.

ಮುನ್ನೂರ ಹನ್ನೆರಡನ್ನೂ ರಿಪೇರಿ ಮಾಡಿದೆ.
ತನ್ನನ್ನೇ ತಾನು ದಾಟಿದ ಗೆರೆ,
ಒಂದು ಮೋರಿಯನ್ನು ಎರಡು ಮನೆ ತಮ್ಮದೆಂದ ಗೆರೆ,
ಗೋಡೆಯೊಳಕ್ಕೆ ನುಗ್ಗಿದ ಗೋಡೆ.
(ಸರ್ವೆಯವನ ತಪ್ಪಲ್ಲ. ಅಲ್ಲಿ ಹಾಗೇ ಇದೆ.)
ಬಿಡಿಸಿದಾಗ ಅಂಚಿನಲ್ಲಿ ಚೂರು ಉಳಿಯುತ್ತವೆ,
ದರ್ಜಿಯ ಕಾಲಡಿಯ ಹಾಗೆ.
ಎರಡು ಚದರ ಮೀಟರಿಗಿಂತ ಸಣ್ಣದೆಲ್ಲ ಕಸ,
ಎಂಬುದು ನಿಯಮ.
ನಿಯಮ ನನ್ನದೇ. ಸೋಮವಾರ ನಾನೇ ಬರೆದದ್ದು,
ಚಹಾ ಬರುವ ಮೊದಲು.

ಗುರುವಾರ ಮನೆಯ ಕೀಲಿಕೈ ಕಳೆಯಿತು.
ಸ್ಟೇಷನ್ನಿನ ಪಶ್ಚಿಮಕ್ಕೆ, ಮೆಟ್ಟಿಲ ಕೆಳಗೆ,
ಮುಸ್ತಕೀಮನ ಗೂಡು.
ಆರಡಿ ಉದ್ದ, ಮೂರಡಿ ಅಗಲ,
ಮಂಡಿ ಹೊರಗಿಟ್ಟು ಓರೆಯಾಗಿ ಕೂರಬೇಕು.
ಹಿಂದಿನ ಗೋಡೆ ತುಂಬ ಹಲ್ಲು ಮೂಡದ ಕೀಲಿಕೈಗಳು,
ಯಾವ ಬಾಗಿಲನ್ನೂ ಇನ್ನೂ ಅರಿಯದವು.
ಅವನು ಅರ ತಿಕ್ಕುವಾಗ
ನಾನು ಸುಮ್ಮನೆ ಗುಣಿಸಿದೆ:
ಒಂದು ಪಾಯಿಂಟ್ ಆರು ಏಳು.
ಬಾಯಿ ಒಣಗಿತು.
ಎಷ್ಟು ವರ್ಷವಾಯಿತು ಇಲ್ಲಿ, ಎಂದೆ.
"ಮೆಟ್ಟಿಲಿಗಿಂತ ಮೊದಲು."
ನನ್ನಲ್ಲಿ ಪ್ರತಿ ಸಾಲಿಗೂ ಒಂದು ಕೀ ಬೇಕು,
ಕೀ ಇಲ್ಲದ್ದು ಇಲ್ಲ,
ನಿನ್ನದು ಸೋಮವಾರವೇ ಹೋಯಿತು
ಎಂದು ಹೇಗೆ ಹೇಳಲಿ.
ಒಂದರ ಬದಲು ಎರಡು ಮಾಡಿಸಿಕೊಂಡೆ.

ಶುಕ್ರವಾರ
ಎರಡನ್ನು ಒಂದೂವರೆ ಮಾಡಿ ಮತ್ತೆ ತುಂಬಿದೆ.
ಮೂರು ತಾಸು. ಎ.ಸಿ. ಕೆಟ್ಟಿತ್ತು.
ಒಂಬೈನೂರ ನಾಲ್ಕು ಚೂರು ತಿರುಗಿ ಬಂದವು.
ಯಾವುದು ಬರೀ ಕಸ,
ಯಾವುದರಲ್ಲಿ ಯಾರು ಮಂಡಿ ಹೊರಗಿಟ್ಟು ಕೂತಿದ್ದಾರೆ,
ಇಲ್ಲಿಂದ ಕಾಣುವುದಿಲ್ಲ.
"ಮತ್ತೆ ಒಂದೂವರೆಗಿಂತ ಸಣ್ಣವು?"
ಉಜ್ವಲಾ ಕೇಳಿದಳು, ಬ್ಯಾಗಿನ ಜಿಪ್ ಎಳೆಯುತ್ತ.
ಅವಳಿಗೆ ಆರು ಹದಿನೆಂಟರ ಲೋಕಲ್ಲು.

ರಾತ್ರಿ ಹೊಸ ಕೀಲಿಕೈ
ಮೊದಲ ತಿರುವಿಗೆ ಒಪ್ಪಲಿಲ್ಲ.
ತುಸು ಎತ್ತಿ ಹಿಡಿ, ಎಂದಿದ್ದ ಮುಸ್ತಕೀಮ.
ಎತ್ತಿ ಹಿಡಿದೆ.