ಮೂರು ಪೈಸೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗೇಟು ತೆರೆಯುವ ಮೊದಲೇ
ಖುದ್ದೂಸನ ಫೋನು ತೆರೆದಿರುತ್ತದೆ.
ಅಲ್ಲೆಲ್ಲೋ ರಾತ್ರಿ, ಇಲ್ಲಿ ಬೆಳಗು.
ಅಲ್ಲಿ ದೀಪದ ಕಂಬಗಳ ಕೆಳಗೆ
ನೀಲಿ ಟೋಪಿಯವರಿಗೂ ಕೆಂಪು ಟೋಪಿಯವರಿಗೂ
ವರ್ಷದ ಕೊನೆಯ ಪಂದ್ಯ.
ಇಲ್ಲಿ ಪಿಳ್ಳಾಂಜಿನಪ್ಪನ ಅಂಗಡಿಯಲ್ಲಿ
ಮೊದಲ ಹಾಲು ಉಕ್ಕುವ ಹೊತ್ತು.

ಆಟ ನಮಗೆ ಬರದು.
ಬೇಸ್‌ಬಾಲ್ ಅಂದರೆ ಒಬ್ಬ ಎಸೆಯುತ್ತಾನೆ, ಒಬ್ಬ ಬೀಸುತ್ತಾನೆ,
ಉಳಿದವರು ಬಹಳ ಹೊತ್ತು ಉಗುಳುತ್ತಾ ನಿಂತಿರುತ್ತಾರೆ.
ಮೂರು ಮೂಲೆ ಮುಟ್ಟಿ
ಹೊರಟಲ್ಲಿಗೇ ಬಂದು ಸೇರಿದರೆ ಒಂದು ಅಂಕವಂತೆ.
"ಹೊರಟಲ್ಲಿಗೇ ಬರೋದಕ್ಕೆ ಅಂಕ ಕೊಡೋದಾದ್ರೆ
ನಮ್ಮ ತಾತನ ಗಾಣದೆತ್ತು ಯಾವತ್ತೋ ಗೆದ್ದೈತೆ,"
ಅಂದ ಪಿಳ್ಳಾಂಜಿನಪ್ಪ, ಲೋಟ ತೊಳೆಯುತ್ತಾ.

ಖುದ್ದೂಸ್ ಆಟ ನೋಡುವುದಿಲ್ಲ. ಅಂಕಿ ನೋಡುತ್ತಾನೆ.
ನೀಲಿ ಗೆಲ್ಲುತ್ತದೆಯೇ? ಹೌದು, ಅರವತ್ತೆರಡು ಪೈಸೆ.
ಗೆದ್ದರೆ ಅದು ರೂಪಾಯಿ, ಸೋತರೆ ಸೊನ್ನೆ.
ನಡುವೆ ಉಸಿರಾಡುತ್ತಿರುತ್ತದೆ:
ಅರವತ್ನಾಲ್ಕು, ಅರವತ್ತೊಂದು, ಅರವತ್ತೇಳು.
ಚೆಂಡು ಬಿದ್ದದ್ದು ಚಿತ್ರದಲ್ಲಿ ಕಾಣುವ ಮೊದಲೇ
ಅಂಕಿಗೆ ಗೊತ್ತಾಗಿರುತ್ತದೆ.

"ಅರವತ್ತೆರಡು ಅಂದೋರು ಯಾರು?"
"ಯಾರೂ ಅಲ್ಲಣ್ಣ. ಎಲ್ಲಾರೂನೂ."

ಮೂವತ್ತೊಂದು ವರ್ಷ ಇಲ್ಲಿ ತಕ್ಕಡಿಯ ಮುಂದೆ ನಿಂತವನು ನಾನು.
ಕಿಲೋಗೆ ಐನೂರ ಹತ್ತು ಅಂತ ಅಂದವರು ಯಾರೆಂದು
ಸೊಪ್ಪಿನ ಕರೆ ಇನ್ನೂ ಉಗುರಲ್ಲಿರುವ ಹೆಂಗಸರು ಕೇಳಿದಾಗ
ಇದೇ ಉತ್ತರ ಕೊಟ್ಟಿದ್ದೇನೆ,
ಇದೇ ಮುಖ ಮಾಡಿಕೊಂಡು.
ಆಗ ಹರಾಜಿಗೆ ಗಂಟಲಿತ್ತು.
ಈಗ ರೀಲರುಗಳೆಲ್ಲ ಹೆಬ್ಬೆರಳಲ್ಲಿ ಕೂಗುತ್ತಾರೆ.

ಆದರೆ ಖುದ್ದೂಸ್ ಇವತ್ತಿಗೂ ಲಾಟಿನ ಮುಂದೆ ಬಗ್ಗಿ
ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ.
ಟಕ್ ಅಂದರೆ ಗಟ್ಟಿ,
ಸದ್ದು ಮೆತ್ತಗಿದ್ದರೆ ಒಳಗೆ ಹುಳ ಕರಗಿದೆ.
ಬಿಸಿನೀರು ಕಾಣುವ ಮೊದಲೇ
ಎಷ್ಟು ಗೂಡಿಗೆ ಎಷ್ಟು ನೂಲೆಂದು ಹೇಳಿಬಿಡುತ್ತಾನೆ,
ತಪ್ಪಿದ್ದು ಕಡಿಮೆ.
ಇಂಥ ಕಿವಿ ಇಟ್ಟುಕೊಂಡು
ಅಲ್ಲಾಡಿಸಲು ಸಿಗದಿದ್ದರ ಮೇಲೆ ಯಾಕಪ್ಪಾ ದುಡ್ಡು?
"ಅಲ್ಲಾಡ್ಸೋಕೆ ಸಿಕ್ಕಿದ್ರೆ ಅದು ವ್ಯಾಪಾರ ಅಣ್ಣ," ಅಂದ.
ಸಿಗದಿದ್ದರೆ ಏನೆಂದು ಹೇಳಲಿಲ್ಲ.

ಎಂಟು ಗಂಟೆಗೆ ತೊಂಬತ್ತೇಳು.
ಬೆಂಚಿನ ಮೇಲಿದ್ದವರಿಗೆಲ್ಲ ಚಹಾ ಹೇಳಿದ,
ಬೆಣ್ಣೆ ಬಿಸ್ಕತ್ತೂ ಹೇಳಿದ,
ಹೊಸ ಬೇಸಿನ್ನಿನ ಅಳತೆಯನ್ನು
ಮೇಜಿನ ಮೇಲೆ ಚೆಲ್ಲಿದ ನೀರಲ್ಲಿ ಗೀಚಿ ತೋರಿಸಿದ.

ಕೆಲವೊಮ್ಮೆ ತಡವಾಗಿ ಬಂದ ಲಾಟಿನಲ್ಲಿ
ಯಾವುದೋ ಒಂದು ಗೂಡಿನ ತುದಿಗೆ ತೂತು ಬಿದ್ದಿರುತ್ತದೆ.
ಚಿಟ್ಟೆ ಹೊರಬಿದ್ದಿದೆ.
ನೂಲು ಕಡಿದಿದೆ, ನಮ್ಮ ಲೆಕ್ಕಕ್ಕೆ ಅದು ಕಸ.
ಆರಿಸಿ ಪಕ್ಕಕ್ಕೆಸೆಯುತ್ತೇನೆ,
ತೂಕಕ್ಕೆ ಹಾಕುವುದಿಲ್ಲ.

ಆಮೇಲೆ ಏನಾಯಿತೋ.
ಕೆಂಪು ಟೋಪಿಯವನೊಬ್ಬ,
ನಮ್ಮ ನಾಲಿಗೆಗೆ ಅವನ ಹೆಸರು ಹೊರಳದು,
ಬೀಸಿದನಂತೆ. ಚೆಂಡು ದೀಪಗಳಾಚೆ ಹೋಯಿತಂತೆ.
ನಾವು ಕಂಡದ್ದು ಇಷ್ಟು:
ತೊಂಬತ್ತೇಳು. ನಲವತ್ತು. ಹನ್ನೊಂದು.
ಸೊನ್ನೆ.
ಚಹಾ ಇನ್ನೂ ಬಾಯಿ ಸುಡುತ್ತಿತ್ತು.

ಖುದ್ದೂಸ್ ಫೋನನ್ನು ಜುಬ್ಬಾದ ತುದಿಯಲ್ಲಿ ಒರೆಸಿದ,
ಅಂಕಿಗೆ ಕೊಳೆ ಹತ್ತಿದೆಯೇನೋ ಎಂಬಂತೆ,
ಮತ್ತೆ ಒರೆಸಿದ.

ಹದಿನಾಲ್ಕು ಲೋಟದ ದುಡ್ಡು ನಾನು ಕೊಟ್ಟೆ.
ಯಾಕೆಂದು ಅವನು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ:
ಬಿಸ್ಕತ್ತು ಬರುವಷ್ಟರಲ್ಲಿ
ಒಂದು ನಿಮಿಷ ಬಂದೆ ಅಂತ ಗೋಡೆಯ ಹಿಂದೆ ಹೋದವನು
ಅಳಿಯ ಹಾಕಿಕೊಟ್ಟ ಅದೇ ಆ್ಯಪಿನಲ್ಲಿ
ಪಾಲಿಗೆ ಮೂರು ಪೈಸೆಯಂತೆ
ಹತ್ತು ರೂಪಾಯಿಗೆ ಕೆಂಪು ಕೊಂಡಿದ್ದೆ.
ಗೆಳೆಯನ ಮೇಲೆ ಸಿಟ್ಟಿರಲಿಲ್ಲ. ಆಸೆಯೂ ಅಷ್ಟಿರಲಿಲ್ಲ.
ಅಷ್ಟು ಅಗ್ಗಕ್ಕೆ ಬಿದ್ದಿತ್ತಲ್ಲ, ಅದಕ್ಕೆ.

ಗೇಟು ತೆರೆಯಿತು.
ತಕ್ಕಡಿ ಸೊನ್ನೆಗೆ ನಿಂತಿದೆಯೇ ನೋಡಿ
ಮೊದಲ ಬುಟ್ಟಿ ಇಟ್ಟೆ.