ಕೈಗಡ

ಅಕ್ಟೋಬರ್ ಮೂರನೆಯ ವಾರ. ಡಾರ್ಬಿಯಲ್ಲಿ ಮೊದಲ ಹಿಮ
ಬಿದ್ದೂ ಬೀಳದ ಹಾಗೆ.
ಮೊಳೆ, ನಲ್ಲಿ, ನಾಯಿಬಿಸ್ಕತ್ತು ದಾಟಿದರೆ
ಗಲ್ಲಾದ ಹಿಂದೆ ತೋಟೆಗಳ ಗೋಡೆ.
ಎರಡು-ಎಪ್ಪತ್ತು: ಬೆಳಿಗ್ಗೆ ಆರು ಸಾಲು, ಈಗ ಮೂರು.
ಎರಡು-ಎಂಬತ್ತು: ಒಂದೇ ಡಬ್ಬಿ.
ಗಿರಾಕಿ ಮಾರ್ಚಿನಲ್ಲೇ ತೀರಿಕೊಂಡ,
ಆರ್ಡರ್ ಮಾತ್ರ ಕೈಯ ಅಭ್ಯಾಸಕ್ಕೆ ಹೋಗಿಬಿಟ್ಟಿತ್ತು.

ಎರಡೂ ಒಂದೇ ಬಸಿರು,
ಹಳೆಯ ಮೂವತ್ತು-ಸೊನ್ನೆ-ಆರರದು.
ಗುಂಡಿನ ದಪ್ಪದಲ್ಲಿ ವ್ಯತ್ಯಾಸ
ಇಂಚನ್ನು ಸಾವಿರ ಸೀಳಿದರೆ ಏಳು ಸೀಳು.
ಎಲ್ಕ್‌ನ ಪಕ್ಕೆಗೆ ಅದು ತಿಳಿಯದು.
ತಿಳಿಯುವುದು ನನ್ನ ರಸೀದಿ ಪುಸ್ತಕಕ್ಕೆ.
ತಮ್ಮ ಹುಟ್ಟಿದ್ದು ಮೂವತ್ತೆರಡು ವರ್ಷ ತಡವಾಗಿ;
ಅಷ್ಟರಲ್ಲಿ ಅಣ್ಣ ಊರಿನ ಪಿಕಪ್ಪುಗಳಲ್ಲೆಲ್ಲ
ಟವೆಲ್ ಹಾಕಿ ಸೀಟು ಹಿಡಿದಿದ್ದ.
ನಡುವೆ ಕಂಪನಿಯವರು ತಮ್ಮನ ಹೆಸರು ಬದಲಿಸಿ ನೋಡಿದರು,
ಜನಕ್ಕೆ ಇನ್ನಷ್ಟು ಗಲಿಬಿಲಿ,
ತೆಪ್ಪಗೆ ಹಳೆಯ ಹೆಸರೇ ವಾಪಸು.

"ಕಾಗದದ ಮೇಲೆ ನೋಡು ಇರ್ಮಾ,"
ಮಡಿಸಿ ಮಡಿಸಿ ಹರಿದ ಕೋಷ್ಟಕ ಬಿಡಿಸುತ್ತಿದ್ದ ವರ್ಲಿನ್ ಟೋರ್ಗರ್ಸನ್,
"ನಾನೂರು ಗಜದಾಚೆ ಯಾವುದು ಗಾಳಿಗೆ ಕಡಿಮೆ ವಾಲುತ್ತದೆ?"
ಕಾಗದದ ಮೇಲೆ ಅವನೇ ಸರಿ.
ಕಾಗದದ ಮೇಲೆ ಗಾಳಿ ಇರಲಿಲ್ಲ.
ನಲವತ್ತೊಂದು ಅಕ್ಟೋಬರ್, ಅವನೊಬ್ಬನಿಗಾಗಿ ಒಂದು ಡಬ್ಬಿ.
ಇಪ್ಪತ್ತು ತೋಟೆ. ಹಾರುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಈಡು.
ಮಿಕ್ಕದ್ದನ್ನು ಏನು ಮಾಡುತ್ತಿದ್ದನೋ,
ನಾನು ಕೇಳಲಿಲ್ಲ.

ತೊಂಬತ್ತಾರರಲ್ಲಿ, ಟ್ರ್ಯಾಪರ್ ಪೀಕ್ ಕೆಳಗೆ,
ಅವನ ಚೀಲ ಹೊಳೆ ಪಾಲಾಯಿತು.
ಐದು ಗುಡಾರ, ಹನ್ನೊಂದು ಗಂಡಸರು,
ಎಲ್ಲರ ಜೇಬಲ್ಲೂ ಎರಡು-ಎಪ್ಪತ್ತು.
ಉಪ್ಪು ಕೊಟ್ಟರು, ಕಾಫಿ ಕೊಟ್ಟರು,
ಒಣ ಕಾಲುಚೀಲ ಕೊಟ್ಟರು.
ಖಾಲಿ ಕೋವಿ ಹೊತ್ತು ಇಳಿದು ಬಂದ.
"ಕೈಗಡ ಸಿಗುವುದೇ ಒಳ್ಳೆಯ ತೋಟೆ, ವರ್ಲಿನ್" ಎಂದೆ.
ನಕ್ಕ. ಅವತ್ತು ಮಾತ್ರ ಎರಡು ಡಬ್ಬಿ ಒಯ್ದ.

ಇವತ್ತು ಮೊಮ್ಮಗಳು ಬಂದಿದ್ದಳು, ಮಾರೆನ್, ಹತ್ತೊಂಬತ್ತು.
ಹೆಗಲಲ್ಲಿ ಅಜ್ಜನ ಕೋವಿ, ತೋಳಲ್ಲಿ ಹಾಲಿನ ಕ್ರೇಟು,
ಗಾಡಿಯಲ್ಲಿ ಇನ್ನೊಂದು.
ಆರುನೂರ ಎಂಬತ್ತೆಂಟು ತೋಟೆ, ಎರಡು ಸಲ ಎಣಿಸಿದಳಂತೆ.
"ಇದೆಲ್ಲ ತಗೊಂಡು ಎಲ್ಲರ ಹತ್ತಿರ ಇರುವಂಥದ್ದು ಕೊಡ್ತೀಯಾ?"

ನಾನು ಬಾಯಿ ತೆರೆಯುವ ಮೊದಲೇ
ಅವಳೇ ಕ್ರೇಟಿನೊಳಗೆ ನೋಡುತ್ತ ನಿಂತಳು,
ಹಿತ್ತಾಳೆ ಕೆಲವು ಕಪ್ಪಾಗಿ, ಕೆಲವು ಇನ್ನೂ ಹೊಸತು.
"ಯಾರನ್ನೂ ಕೇಳಬೇಕಾಗಿಲ್ಲ ಅಲ್ವಾ" ಅಂದಳು, ಮೆಲ್ಲಗೆ,
ಹೊರಡಲು ಕ್ರೇಟೆತ್ತಿದಳು.

ಆ ಒಂದು ಡಬ್ಬಿಯನ್ನೂ ಮೇಲಿಟ್ಟೆ.
ಪುಸ್ತಕದಲ್ಲಿ ಬರೆದುಕೊಂಡೆ:
ಎರಡು-ಎಂಬತ್ತು, ಒಂದು, ಕೈಗಡ.

ಗಂಟೆ ಸದ್ದಾಯಿತು. ಬಾಗಿಲಲ್ಲಿ ಯಾರೋ
ಬೂಟಿನ ಹಿಮ ಕೊಡವುತ್ತ,
"ಎರಡು-ಎಪ್ಪತ್ತು ಉಳಿದಿದೆಯಾ?"