ಏಳನೇ ತಿಂಗಳು

ಈ ಊರಿಗೆ ಎರಡೇ ಕಾಲ ಅಂತಾರೆ,
ಬೇಸಿಗೆ ಒಂದು, ಬಿರುಬೇಸಿಗೆ ಇನ್ನೊಂದು.
ನನಗೆ ಮೂರನೆಯದು ಶುರುವಾಗಿದೆ
ಹೋದ ದೀವಳಿಗೆಯಿಂದ.

ಹೊಕ್ಕುಳ ಹತ್ತಿರ ಯಾರೋ ಕಡ್ಡಿ ಗೀರಿದಂತೆ
ಎದೆ, ಕೊರಳು, ಕಿವಿಯ ತನಕ ಏರಿ
ನೆತ್ತಿಯಲ್ಲಿ ಹಂಚು ಕಾಯುತ್ತದೆ.
ಸೆರಗು ಕಿತ್ತು ಒಗೆಯುವಷ್ಟರಲ್ಲಿ
ಇಳಿದೂ ಹೋಗುತ್ತದೆ, ಬೆವರಿನ ರಸೀದಿ ಕೊಟ್ಟು.

ಮೇ ತಿಂಗಳ ಕೌಲ್ ಬಜಾರಿನಲ್ಲಿ
ಯಾವುದು ಊರಿನ ಬಿಸಿ, ಯಾವುದು ನನ್ನದು
ಹೇಳುವವರಾರು?
"ಎಷ್ಟು ಸೆಕಿ ಐತವ್ವಾ" ಎಂದು ಬೀಸಿಕೊಂಡರೆ
ಇಡೀ ಹೊಲಿಗೆ ಶೆಡ್ಡು ಹೂಂಗುಟ್ಟುತ್ತದೆ.
ಇಂಥ ಊರಲ್ಲಿ ಗುಟ್ಟು ಕಾಯುವುದು ಸುಲಭ.

ಹುಸೇನಬಿಗೆ ಮಾತ್ರ ಗೊತ್ತಾಯಿತು.
ಪಕ್ಕದ ಮೆಷಿನ್ನು ಅವಳದು. ಇಪ್ಪತ್ತೆರಡು ವರ್ಷ
ಒಂದೇ ಜೀನ್ಸಿನ ಎಡಗಾಲು ನಾನು, ಬಲಗಾಲು ಅವಳು.
ತಲೆ ಎತ್ತದೆ ಕೇಳಿದಳು:
"ಎಷ್ಟು ತಿಂಗಳಾತು?"
"ಏಳು."
"ಹಂಗಾರ ಕುಬಸ ಮಾಡಬೇಕಲ್ಲ!"
ಎರಡೂ ಸೂಜಿ ನಿಂತವು. ನಮ್ಮ ನಗೆಗೆ
ಮೇಸ್ತ್ರಿ ಗಾದಿಲಿಂಗ ಒಳಗೆ ಇಣುಕಿ
ಏನೂ ತಿಳಿಯದೆ
ಫ್ಯಾನಿನ ಮುಖ ನಮ್ಮ ಕಡೆ ತಿರುಗಿಸಿ ಹೋದ.
ಮರುದಿನ ಅವಳ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ.
"ಇನ್ನೂ ಮೂರು ನಮೂನಿ ಬಾಕಿ" ಅಂದಳು.

ಆಗೆಲ್ಲ ಏಳನೇ ತಿಂಗಳೆಂದರೆ
ಹಸಿರು ಸೀರೆ, ಕೈತುಂಬ ಹಸಿರು ಬಳೆ.
ಒಂದು ಉಳಿಯಿತು, ಒಂದು ಉಳಿಯಲಿಲ್ಲ.
ಉಳಿದವಳು ಸಿರುಗುಪ್ಪದಿಂದ ಫೋನು ಮಾಡಿ
ನನಗೇ ಬುದ್ಧಿ ಹೇಳುತ್ತಾಳೆ: "ಎಲುಬಿನ ಗುಳಿಗಿ ತಗೊಂಡೇನು?"
ಉಳಿಯದ್ದು ಏನೂ ಹೇಳುವುದಿಲ್ಲ.
ಅದರ ಜೊತೆ ಮಾತಿಗೆ ಇದ್ದ ದಾರಿ ಇದೊಂದೇ ಏನೋ,
ತಿಂಗಳಿಗೊಮ್ಮೆ. ಅದೂ ಮುಚ್ಚಿತು.
ಇದನ್ನು ಹುಸೇನಬಿಗೂ ಹೇಳಿಲ್ಲ.

ಟ್ರಂಕಿನ ತಳದ ಹಳೇ ಬಟ್ಟೆಗಳು
ತೊಳೆತೊಳೆದು ಹೂವಿನಷ್ಟು ಮೆತ್ತಗಾದವು,
ಈಗ ಮೆಷಿನ್ನಿನ ಎಣ್ಣೆ ಒರೆಸುತ್ತವೆ.
ಕ್ಯಾಲೆಂಡರಿನಲ್ಲಿ ನಾನಿಡುತ್ತಿದ್ದ ಚುಕ್ಕಿಯ ಜಾಗದಲ್ಲಿ
ಹಾಲಿನವನ ಲೆಕ್ಕ: ಅರ್ಧ ಲೀಟರು, ಅರ್ಧ ಲೀಟರು,
ಒಂದು ದಿನ ಇಲ್ಲ.

ಸುಖಗಳೂ ಬಂದಿವೆ, ಕರೆಯದೆ,
ಎಂದೋ ಪಡೆದ ಕೈಗಡ ತೀರಿಸಲು ಬಂದವರಂತೆ.
ಐಸ್ ಫ್ಯಾಕ್ಟರಿ ಬಾಗಿಲಲ್ಲಿ ಹತ್ತು ರೂಪಾಯಿಗೆ ಒಂದು ಗಡ್ಡೆ.
ಮನೆ ಮುಟ್ಟುವಷ್ಟರಲ್ಲಿ ಅರ್ಧ ಕರಗಿ
ಚೀಲದಿಂದ ಕಣಕಾಲಿಗೆ ತೊಟ್ಟಿಕ್ಕುವ
ಆ ಅರ್ಧವೇ ನನಗೆ ಇಷ್ಟ.
ತಾಟಿನುಂಗಿಗೆ ಹೆಬ್ಬೆರಳು ಚುಚ್ಚಿ
ನೀರು ಮೊಣಕೈ ತನಕ ಹರಿಯಲಿ ಎಂದು ಬಿಡುವುದು;
ಉಗುರ ಸಂದಿಯ ನೀಲಿ ಬಣ್ಣ ಹೋಗುವುದಿಲ್ಲ,
ನೀಲಿ ಬೆರಳಿಂದಲೇ ಬಿಳೀ ನುಂಗು.
ಒಗ್ಗರಣೆ ಮಂಡಾಳಿಗೆ ಮಿರ್ಚಿ ಬೇಡವೆಂದರು ಡಾಕ್ಟರಮ್ಮ.
ಎರಡರ ಬದಲು ಒಂದು ತಿನ್ನುತ್ತೇನೆ,
ಎರಡರಷ್ಟು ಹೊತ್ತು.

ಕೋಟೆ ಗುಡ್ಡ ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ನಮ್ಮ ಓಣಿಯ ಮೇಲೆ ಉಸಿರು ಬಿಡುತ್ತದೆ.
ಮಾಳಿಗೆಯಲ್ಲಿ ಚಾಪೆ ಹಾಸಿ ಕೇಳುತ್ತೇನೆ:
ನಿನಗೂ ನಿದ್ದೆ ಇಲ್ಲೇನು, ನನ್ನ ವಾರಗೆಯವಳೇ?
ಎರ್ರಿಸ್ವಾಮಿ ಗೊರಕೆಯ ನಡುವೆಯೇ ಬೀಸಣಿಗೆ ಆಡಿಸುತ್ತಾನೆ,
ತನಗೋ ನನಗೋ ತಿಳಿಯದು.
ಗಾಳಿಯಂತೂ ಬರುತ್ತದೆ.

ಒಂಬತ್ತು ದಿನಕ್ಕೊಮ್ಮೆ ನಳದ ನೀರು.
ಬರುವ ಹೊತ್ತು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ,
ಎಚ್ಚರವಿರುವವಳು ನಾನೊಬ್ಬಳೇ.
ಮೂರು ಗಂಟೆಗೆ ಪೈಪು ಕೆಮ್ಮುತ್ತದೆ,
ಮೊದಲು ಗಾಳಿ, ಆಮೇಲೆ ತುಕ್ಕಿನ ಕೆಂಪು.
ಕೆಂಪು ತಿಳಿಯಾಗುವ ತನಕ ನೋಡುತ್ತ ನಿಲ್ಲುತ್ತೇನೆ.
ಮೊದಲ ಕೊಡ ಈಗ ತುಂಬಿಡುವುದಿಲ್ಲ.
ಸೀರೆ ಸಮೇತ ನೆತ್ತಿಗೆ ಸುರಿದುಕೊಂಡು
ತೊಟ್ಟಿಕ್ಕುತ್ತ ಓಣಿಯುದ್ದ ನಡೆಯುತ್ತೇನೆ,
ಒಂದೊಂದೇ ಕದ ಬಡಿಯುತ್ತ:
"ಏಳ್ರೇ, ನೀರು ಬಂದಾವ, ಏಳ್ರೇ."